ಮೂವತ್ತು ಎಂದರೆ ಎಷ್ಟು?

ಆಟೋಕ್ಯಾಡ್ ತೆರೆದು ಒಂದು ಗೆರೆ ಎಳೆಯಿರಿ. ಉದ್ದ ಕೇಳಿದಾಗ 30 ಎಂದು ಒತ್ತಿ ಎಂಟರ್ ಹೊಡೆಯಿರಿ. ಗೆರೆ ಮೂಡಿತು. ಈಗ ಅದರ ಉದ್ದ ಎಷ್ಟು? ಮನೆ ಪ್ಲಾನ್ ಬರೆಯುವವರು ನಿವೇಶನದ ಮೂವತ್ತಡಿ ಅಗಲ ಎನ್ನುತ್ತಾರೆ. ಪೀಣ್ಯದ ವರ್ಕ್‌ಶಾಪಿನ ಡ್ರಾಫ್ಟ್ಸ್‌ಮನ್‌ಗೆ ಅದು ಮೂವತ್ತು ಮಿಲಿಮೀಟರ್ ಉದ್ದದ ಪಿನ್. ರಸ್ತೆ ಸರ್ವೆಯವರಿಗೆ ಮೂವತ್ತು ಮೀಟರ್. ಸಾಫ್ಟ್‌ವೇರನ್ನೇ ಕೇಳಿದರೆ ಅದಕ್ಕೆ ಗೊತ್ತಿಲ್ಲ. ಫೈಲಿನಲ್ಲಿ ದಾಖಲಾಗಿರುವುದು ಗೆರೆಯ ಎರಡು ತುದಿಗಳು ಎಲ್ಲಿವೆ ಎಂದು ಹೇಳುವ ಬರಿಯ ಅಂಕಿಗಳು. ಅಡಿ, ಇಂಚು, ಮೀಟರ್ ಯಾವುದೂ ಆ ಅಂಕಿಗಳಿಗೆ ಅಂಟಿಕೊಂಡಿಲ್ಲ.

ಇದು ಮರೆವಿನಿಂದ ಆದದ್ದಲ್ಲ, ಬೇಕೆಂದೇ ಹಾಗೆ ಮಾಡಿದ್ದು. 1982ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಈ ಪ್ರೋಗ್ರಾಮು ಗಡಿಯಾರದ ಹಲ್ಲುಚಕ್ರದಿಂದ ಹಿಡಿದು ಊರಿನ ನಕ್ಷೆಯವರೆಗೆ ಎಲ್ಲಕ್ಕೂ ಒದಗಬೇಕಿತ್ತು. ಹೆಸರಿಲ್ಲದ ಒಂದು ಘಟಕ ಇಟ್ಟುಕೊಂಡು, ಅದಕ್ಕೆ ಅರ್ಥ ಕೊಡುವ ಕೆಲಸವನ್ನು ಬಳಸುವವರಿಗೇ ಬಿಡುವುದು ಸುಲಭದ ದಾರಿ. ಆ ಕಾಲದ ಒಂದು ಪ್ರದರ್ಶನ ನಕ್ಷೆಯಲ್ಲಿ ಇಡೀ ಸೌರಮಂಡಲವೇ ಇತ್ತು. ಜೂಮ್ ಮಾಡುತ್ತ ಹೋದರೆ ಗ್ರಹಗಳ ಕಕ್ಷೆ ದಾಟಿ ಭೂಮಿ, ಚಂದ್ರ, ಚಂದ್ರನ ಮೇಲೆ ನಿಂತ ಅಪೊಲೊ ಲ್ಯಾಂಡರ್, ಕೊನೆಗೆ ಲ್ಯಾಂಡರಿನ ಕಾಲಿಗೆ ಬಡಿದ ಫಲಕದ ಅಕ್ಷರಗಳೂ ಕಾಣುತ್ತಿದ್ದವು.

ಇಷ್ಟು ದೊಡ್ಡದು, ಇಷ್ಟು ಚಿಕ್ಕದು ಒಂದೇ ನಕ್ಷೆಯಲ್ಲಿ ಹೇಗೆ ಹಿಡಿಸುತ್ತವೆ? ಪ್ರತಿ ಅಂಕಿಗೂ 64 ಬಿಟ್ ಜಾಗ ಇದೆ. ಅದರಲ್ಲಿ ಹದಿನೈದು ಹದಿನಾರು ಅರ್ಥಪೂರ್ಣ ದಶಮಾಂಶ ಅಂಕೆಗಳು ಹಿಡಿಯುತ್ತವೆ. ಸೂರ್ಯನಿಂದ ಪ್ಲೂಟೊ ಸರಾಸರಿ 590 ಕೋಟಿ ಕಿಲೋಮೀಟರ್ ದೂರ. ಆ ದೂರವನ್ನು ಮಿಲಿಮೀಟರಿನಲ್ಲಿ ಬರೆದು 64 ಬಿಟ್‌ನಲ್ಲಿಟ್ಟರೂ ಅಕ್ಕಪಕ್ಕದ ಎರಡು ಅಂಕಿಗಳ ನಡುವಿನ ಅಂತರ ಒಂದೇ ಒಂದು ಮಿಲಿಮೀಟರ್. ಮನೆ ಕಟ್ಟುವವರಿಗೆ ಇದಕ್ಕಿಂತ ಹೆಚ್ಚಿನ ನಿಖರತೆ ಯಾಕೆ ಬೇಕು! ಇದರಲ್ಲೊಂದು ತಮಾಷೆಯೂ ಇದೆ. ಕಂಪ್ಯೂಟರಿನ ಲೆಕ್ಕ ಎರಡರ ಘಾತಗಳಲ್ಲಿ ನಡೆಯುವುದರಿಂದ ಅರ್ಧ ಇಂಚು, ಕಾಲಿಂಚು, ಇಂಚಿನ ಹದಿನಾರನೇ ಒಂದು ಭಾಗ ಇವೆಲ್ಲ ಅದರೊಳಗೆ ಚೂರೂ ಹೆಚ್ಚುಕಮ್ಮಿಯಿಲ್ಲದೆ ಕೂರುತ್ತವೆ. 0.1 ಮಿಲಿಮೀಟರ್ ಮಾತ್ರ ಎಷ್ಟು ಬಿಟ್ ಕೊಟ್ಟರೂ ಪೂರ್ತಿ ಕೂರುವುದಿಲ್ಲ. ಮೆಟ್ರಿಕ್ ಅಭಿಮಾನಿಗಳಿಗೆ ಇದು ರುಚಿಸದ ಸತ್ಯ. ಆದರೆ ಆ ಕೊರತೆ ಅಣುವಿನ ಗಾತ್ರಕ್ಕಿಂತ ಎಷ್ಟೋ ಚಿಕ್ಕದು, ಅದರಿಂದ ಯಾವ ಮನೆಯೂ ವಾಲಿಲ್ಲ.

ಎಲ್ಲ ಸಾಫ್ಟ್‌ವೇರುಗಳೂ ಆಟೋಕ್ಯಾಡ್‌ನಷ್ಟು ನಿರ್ಲಿಪ್ತವಲ್ಲ. ರೆವಿಟ್ ಒಳಗೊಳಗೆ ಉದ್ದವನ್ನೆಲ್ಲ ಅಡಿಯಲ್ಲೇ ಇಟ್ಟುಕೊಳ್ಳುತ್ತದೆ, ನೀವು ಮೀಟರ್ ಎಂದು ಎಷ್ಟೇ ಸೆಟ್ ಮಾಡಿದರೂ. ಸ್ಕೆಚಪ್‌ನದು ಇಂಚು. ಫ್ರೀಕ್ಯಾಡ್‌ನದು ಮಿಲಿಮೀಟರ್. ಸಾಲಿಡ್‌ವರ್ಕ್ಸ್ ಒಳಗೆ ಎಲ್ಲವೂ ಮೀಟರ್. ಹೊರಗೆ ಕಾಣುವುದು ಆಯಾ ಕ್ಷಣದಲ್ಲಿ ಪರಿವರ್ತಿಸಿ ತೋರಿಸಿದ ಅಂಕಿ. ಸಾಮಾನ್ಯವಾಗಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಅಪರೂಪಕ್ಕೆ ಒಳಗಿನ ಘಟಕ ಇಣುಕಿ ನೋಡುವುದುಂಟು. ಸ್ಕೆಚಪ್‌ನಲ್ಲಿ ಒಡವೆ ಅಥವಾ ಸಣ್ಣ ಸ್ಕ್ರೂ ಬಿಡಿಸಹೊರಟವರಿಗೆ ಕೆಲವು ಪುಟ್ಟ ಮುಖಗಳು ಮೂಡುವುದೇ ಇಲ್ಲ, ಅಲ್ಲಲ್ಲಿ ತೂತು ಉಳಿಯುತ್ತದೆ. ಇಂಚಿನ ಸಾವಿರದಲ್ಲೊಂದು ಭಾಗಕ್ಕಿಂತ ಹತ್ತಿರ ಇರುವ ಎರಡು ಬಿಂದುಗಳನ್ನು ಅದು ಒಂದೇ ಎಂದು ಭಾವಿಸುವುದೇ ಕಾರಣ. ಬಲ್ಲವರು ವಸ್ತುವನ್ನು ಸಾವಿರ ಪಟ್ಟು ದೊಡ್ಡದಾಗಿ ಬಿಡಿಸಿ ಆಮೇಲೆ ಕುಗ್ಗಿಸುತ್ತಾರೆ.

ಯೂನಿಟ್ಸ್ ಎಂಬ ಆದೇಶ ಕೊಟ್ಟರೆ ಆಟೋಕ್ಯಾಡ್‌ನಲ್ಲಿ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಹೊಸಬರೆಲ್ಲ ಎಡವುವುದು ಇಲ್ಲಿ. ಅದರಲ್ಲಿರುವ ಲೆಂಗ್ತ್ ಟೈಪ್ ಬದಲಿಸಿದರೆ ನಕ್ಷೆ ಅಡಿಯಿಂದ ಮೀಟರಿಗೆ ತಾನಾಗಿ ತಿರುಗುತ್ತದೆ ಎಂದುಕೊಳ್ಳುತ್ತಾರೆ. ತಿರುಗುವುದಿಲ್ಲ. ಬದಲಾಗುವುದು ಅಂಕಿ ಬರೆಯುವ ಶೈಲಿ ಮಾತ್ರ. ಡೆಸಿಮಲ್ ಶೈಲಿಯಲ್ಲಿ ಯಾವ ಘಟಕದ ಹಂಗೂ ಇಲ್ಲ. ಆರ್ಕಿಟೆಕ್ಚರಲ್ ಮತ್ತು ಎಂಜಿನಿಯರಿಂಗ್ ಶೈಲಿಗಳು ಮಾತ್ರ ಒಂದು ಯೂನಿಟ್ ಎಂದರೆ ಒಂದು ಇಂಚು ಎಂದು ಹಿಡಿದು ನಡೆಯುತ್ತವೆ. ಪರಿಣಾಮ ನೋಡಿ. ಮೂವತ್ತಡಿ ಅಗಲದ ನಿವೇಶನವನ್ನು ಮಿಲಿಮೀಟರಿನಲ್ಲಿ ಸರಿಯಾಗಿಯೇ 9144 ಎಂದು ಬಿಡಿಸಿದ್ದೀರಿ. ಮಾಲೀಕರಿಗೆ ಅಡಿಯಲ್ಲಿ ತೋರಿಸೋಣವೆಂದು ಆರ್ಕಿಟೆಕ್ಚರಲ್ ಒತ್ತಿದರೆ ಪರದೆಯ ಮೇಲೆ 762 ಅಡಿ ಎಂದು ಬರುತ್ತದೆ. ಸಾಫ್ಟ್‌ವೇರ್ ಸುಳ್ಳು ಹೇಳಲಿಲ್ಲ. 9144 ಇಂಚೆಂದರೆ 762 ಅಡಿಯೇ ತಾನೆ.

ಅದೇ ಪೆಟ್ಟಿಗೆಯಲ್ಲಿ ಇನ್ಸರ್ಷನ್ ಸ್ಕೇಲ್ ಎಂಬ ಇನ್ನೊಂದು ಆಯ್ಕೆ ಇದೆ. ನನ್ನ ಮಟ್ಟಿಗೆ ಇಡೀ ಪೆಟ್ಟಿಗೆಯಲ್ಲಿ ಮುಖ್ಯವಾದದ್ದು ಇದೇ. ಈ ನಕ್ಷೆಯ ಒಂದು ಯೂನಿಟ್ ಎಂದರೆ ಮಿಲಿಮೀಟರೋ ಇಂಚೋ ಎಂಬ ಚೀಟಿಯನ್ನು ಫೈಲಿಗೆ ಅಂಟಿಸುವುದು ಅದರ ಕೆಲಸ. ಒಂದು ನಕ್ಷೆಯೊಳಗೆ ಇನ್ನೊಂದನ್ನು ತಂದು ಕೂರಿಸುವಾಗ ಎರಡೂ ಚೀಟಿಗಳನ್ನು ಓದಿ ಆಟೋಕ್ಯಾಡ್ ತಾನೇ ಗುಣಿಸಿಕೊಳ್ಳುತ್ತದೆ. ಚೀಟಿಯೇ ಇಲ್ಲದಿದ್ದರೆ ಅಥವಾ ತಪ್ಪಾಗಿದ್ದರೆ, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ 900 ಮಿಲಿಮೀಟರ್ ಬಾಗಿಲು ಇಂಚಿನ ಪ್ಲಾನಿನೊಳಗೆ 75 ಅಡಿಯ ಹೆಬ್ಬಾಗಿಲಾಗಿ ಬಂದು ನಿಲ್ಲುತ್ತದೆ. ಅದಕ್ಕೆ ತದ್ವಿರುದ್ಧವಾಗಿ, 36 ಇಂಚಿನ ಬಾಗಿಲು ಮಿಲಿಮೀಟರ್ ನಕ್ಷೆಗೆ ಬಂದರೆ ಬೆಂಕಿಪೊಟ್ಟಣದ ಅಗಲಕ್ಕೆ ಕುಗ್ಗಿ ಕಣ್ಣಿಗೇ ಬೀಳುವುದಿಲ್ಲ. ಮೊದಲನೆಯ ತಪ್ಪು ವಾಸಿ, ಕಂಡ ಕೂಡಲೇ ನಗು ಬರುತ್ತದೆ, ಅಳಿಸುತ್ತೀರಿ. ಎರಡನೆಯದು ಫೈಲಿನ ಮೂಲೆಯಲ್ಲೆಲ್ಲೋ ಚುಕ್ಕಿಯಾಗಿ ಕುಳಿತೇ ಇರುತ್ತದೆ.

ಪ್ರತಿ ಸಲ ಇದನ್ನೆಲ್ಲ ಹೊಂದಿಸುವುದು ಬೇಡವೆಂದೇ ಟೆಂಪ್ಲೇಟ್‌ಗಳಿವೆ. ಆಟೋಕ್ಯಾಡ್ ಜೊತೆ ಬರುವವುಗಳಲ್ಲಿ ಮುಖ್ಯವಾದವು ಎರಡು. ಅಕ್ಯಾಡ್ ಎಂಬುದು ಇಂಚಿನದು, ಅಕ್ಯಾಡ್-ಐಎಸ್ಓ ಎಂಬುದು ಮಿಲಿಮೀಟರಿನದು. ಹೊಸ ನಕ್ಷೆ ತೆರೆಯುವಾಗ ಯಾವುದರ ಮೇಲೆ ಬೆರಳಿಟ್ಟಿರೋ ಅದರ ಜಾತಕವೇ ಕೊನೆಯವರೆಗೆ. ಘಟಕ ಮಾತ್ರವಲ್ಲ, ಗೆರೆಯ ಚುಕ್ಕಿಗಳ ಅಂತರ, ಹ್ಯಾಚ್ ವಿನ್ಯಾಸದ ಗಾತ್ರ, ಅಳತೆಯ ಅಕ್ಷರಗಳ ಎತ್ತರ ಎಲ್ಲವೂ ಅಲ್ಲಿಂದಲೇ ಬರುತ್ತವೆ. "ಡೈಮೆನ್ಷನ್ ಹಾಕಿದೆ ಸಾರ್, ಕಾಣ್ತಾನೇ ಇಲ್ಲ" ಎಂದು ಕಲಿಯುವ ಹುಡುಗರು ದೂರುವುದೂ ಇದರಿಂದಲೇ. ಐಎಸ್ಓ ಟೆಂಪ್ಲೇಟಿನಲ್ಲಿ ಅಕ್ಷರದ ಎತ್ತರ 2.5 ಯೂನಿಟ್. ಒಂಬತ್ತು ಮೀಟರ್ ಗೋಡೆಯ ಪಕ್ಕ ಎರಡೂವರೆ ಮಿಲಿಮೀಟರಿನ ಅಂಕಿ ಬರೆದರೆ ಯಾರಿಗೆ ಕಂಡೀತು? ಅಳತೆ ಅಲ್ಲಿಯೇ ಇದೆ, ಇರುವೆಯಷ್ಟಾಗಿದೆ. 1:100ರಲ್ಲಿ ಮುದ್ರಿಸುವ ನಕ್ಷೆಯಾದರೆ ಡೈಮೆನ್ಷನ್ ಸ್ಟೈಲಿನ ಒಟ್ಟಾರೆ ಸ್ಕೇಲನ್ನು 100 ಮಾಡಬೇಕು. ಆಗ ಮಾಡೆಲಿನಲ್ಲಿ ಅಕ್ಷರ 250 ಮಿಲಿಮೀಟರ್ ಎತ್ತರವಾಗಿ, ಕಾಗದದ ಮೇಲೆ ಮತ್ತೆ ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ.

ಆ ಐಎಸ್ಓ ಟೆಂಪ್ಲೇಟಿನಲ್ಲಿ ಇನ್ನೂ ಒಂದು ವಿಷಯ ನಮ್ಮವರನ್ನು ಕಾಡುತ್ತದೆ. ಯುರೋಪಿನ ಬಹುಪಾಲು ದೇಶಗಳ ರೂಢಿಯಂತೆ ಅದು ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತದೆ. ಹನ್ನೆರಡೂವರೆ ಎನ್ನುವುದು 12,5 ಎಂದು ಬರುತ್ತದೆ. ಇದನ್ನು ಹೇಗೋ ಊಹಿಸಬಹುದು. ಆದರೆ ಮೂರು ದಶಮಾಂಶ ತೋರಿಸುವಂತೆ ಹೊಂದಿಸಿ, ಮೀಟರಿನಲ್ಲಿ ಬಿಡಿಸಿದ ನಕ್ಷೆಯಲ್ಲಿ 1,250 ಎಂದು ಬಂದರೆ? ಅದು ಒಂದೂಕಾಲು ಮೀಟರ್. ನಮ್ಮಲ್ಲಿ ಯಾರ ಕೈಗೆ ಕೊಟ್ಟರೂ ಸಾವಿರದ ಇನ್ನೂರೈವತ್ತು ಎಂದೇ ಓದುತ್ತಾರೆ. ಡೈಮೆನ್ಷನ್ ಸ್ಟೈಲಿನ ಪ್ರೈಮರಿ ಯೂನಿಟ್ಸ್ ಪುಟದಲ್ಲಿ ಡೆಸಿಮಲ್ ಸೆಪರೇಟರ್ ಎಂಬಲ್ಲಿ ಚುಕ್ಕಿ ಆರಿಸಿ ಆ ಟೆಂಪ್ಲೇಟನ್ನೇ ಉಳಿಸಿಕೊಂಡರೆ ಮುಂದೆ ಆ ತಾಪತ್ರಯ ಇಲ್ಲ.

ಇನ್ನು ಪರದೆಯ ಮೇಲೆ ಕಾಣುವ ಅಂಕಿಯ ಮಾತು. ಒಳಗಿನ ಅಂಕಿ ಹದಿನೈದು ಸ್ಥಾನದವರೆಗೆ ನಿಖರವಾಗಿದ್ದರೂ ಹೊರಗೆ ತೋರಿಸುವುದು ನೀವು ಹೇಳಿದಷ್ಟೇ ಸ್ಥಾನ, ಉಳಿದದ್ದನ್ನು ಅದು ದುಂಡಾಗಿಸುತ್ತದೆ. ಮನೆಯ ಮೆಟ್ಟಿಲನ್ನೇ ತೆಗೆದುಕೊಳ್ಳಿ. ಅಂತಸ್ತಿನ ಎತ್ತರ ಹತ್ತಡಿ, ಅಂದರೆ 3048 ಮಿಲಿಮೀಟರ್. ಹದಿನೆಂಟು ಮೆಟ್ಟಿಲು. ಒಂದೊಂದರ ಎತ್ತರ 169.33 ಚಿಲ್ಲರೆ. ದಶಮಾಂಶ ಬೇಡ ಎಂದು ಹೊಂದಿಸಿದ್ದರೆ ನಕ್ಷೆಯಲ್ಲಿ 169 ಎಂದು ಬರುತ್ತದೆ. ಮೇಸ್ತ್ರಿ ಅದನ್ನು ನಂಬಿ ಹದಿನೆಂಟು ಸಲ 169 ಎತ್ತರಿಸಿದರೆ 3042ಕ್ಕೆ ನಿಲ್ಲುತ್ತದೆ, ಮೇಲೆ ಆರು ಮಿಲಿಮೀಟರ್ ಖೋತಾ. ಅದೇ ನಕ್ಷೆಯನ್ನು ಇಂಚಿನಲ್ಲಿ, ಹದಿನಾರನೇ ಭಾಗದವರೆಗೆ ತೋರಿಸು ಎಂದರೆ ಪ್ರತಿ ಮೆಟ್ಟಿಲೂ ಆರು ಇಂಚು ಮತ್ತು ಹದಿನಾರರಲ್ಲಿ ಹನ್ನೊಂದು ಭಾಗ. ಹದಿನೆಂಟರಿಂದ ಗುಣಿಸಿ ನೋಡಿ: ಹತ್ತಡಿಯ ಮೇಲೆ ಮೂರೆಂಟಾಂಶ ಇಂಚು ಹೆಚ್ಚು, ಒಂಬತ್ತೂವರೆ ಮಿಲಿಮೀಟರ್. ಮಾಡೆಲು ಒಂದೇ, ಮೆಟ್ಟಿಲು ಒಂದೇ. ಮಿಲಿಮೀಟರಿನಲ್ಲಿ ಓದಿದವನ ಮೆಟ್ಟಿಲು ಕೆಳಗುಳಿಯಿತು, ಇಂಚಿನಲ್ಲಿ ಓದಿದವನದು ಮೇಲೆ ಹೋಯಿತು. ಅನುಭವವಿರುವ ಡ್ರಾಫ್ಟ್ಸ್‌ಮನ್‌ಗಳು ಇಂಥಲ್ಲಿ ಒಂದು ಮೆಟ್ಟಿಲಿನ ಅಳತೆ ಬರೆಯುವುದೇ ಇಲ್ಲ. ಒಟ್ಟು ಎತ್ತರ ಕೊಟ್ಟು "18 ಸಮ ಭಾಗ" ಎಂದು ಬರೆದು ಸುಮ್ಮನಾಗುತ್ತಾರೆ.

ಯಂತ್ರಭಾಗಗಳ ನಕ್ಷೆಯಲ್ಲಿ ಚುಕ್ಕಿಯ ನಂತರದ ಸೊನ್ನೆಗಳಿಗೆ ಬೇರೆಯೇ ಬೆಲೆ. ಅಮೆರಿಕದ ರೂಢಿಯಲ್ಲಿ 2.00 ಮತ್ತು 2.000 ಎರಡು ಬೇರೆ ಬೇರೆ ಆಜ್ಞೆಗಳು. ಎರಡು ಸ್ಥಾನವಿದ್ದರೆ ಇಷ್ಟು ಏರುಪೇರು ನಡೆಯುತ್ತದೆ, ಮೂರಿದ್ದರೆ ಇನ್ನೂ ಬಿಗಿ ಎಂದು ನಕ್ಷೆಯ ಮೂಲೆಯ ಕೋಷ್ಟಕದಲ್ಲಿ ಬರೆದಿರುತ್ತಾರೆ. ಅಂತರರಾಷ್ಟ್ರೀಯ ಮಾನಕ ಐಎಸ್ಓ 2768ರ ದಾರಿ ಬೇರೆ. ಅಲ್ಲಿ ಏರುಪೇರಿನ ಮಿತಿ ಅಳತೆಯ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ: ಮಧ್ಯಮ ದರ್ಜೆಯಲ್ಲಿ 30ರಿಂದ 120 ಮಿಲಿಮೀಟರಿನವರೆಗಿನ ಭಾಗಕ್ಕೆ ಹೆಚ್ಚೂ ಕಮ್ಮಿ 0.3 ಮಿಲಿಮೀಟರ್. ಸಾಫ್ಟ್‌ವೇರ್ ಸುಮ್ಮನೆ ಡೀಫಾಲ್ಟಾಗಿ 50.000 ಎಂದು ತೋರಿಸಿ, ಅದು ಹಾಗೆಯೇ ಅಮೆರಿಕದ ಶಾಪಿಗೆ ಹೋದರೆ, ಲೇತಿನಲ್ಲಿ ಆಗುವ ಕೆಲಸಕ್ಕೆ ಗ್ರೈಂಡಿಂಗಿನ ದರ ಹೇಳುತ್ತಾರೆ. ಯಾರೂ ಕೇಳದ ಮೂರು ಸೊನ್ನೆಗೆ ದುಡ್ಡು ಕೊಟ್ಟಂತಾಯಿತು. ಕೊನೆಯ ಸೊನ್ನೆಗಳನ್ನು ಮರೆಮಾಡುವ ಆಯ್ಕೆ ಬಹುತೇಕ ಕ್ಯಾಡ್‌ಗಳಲ್ಲಿ ಇದೆ. ಹಾಕಬೇಕೋ ಬೇಡವೋ ಎಂಬುದು ಅಂದದ ಪ್ರಶ್ನೆಯಲ್ಲ.

ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ 1956ರಲ್ಲೇ ಕಾಯಿದೆ ಆಗಿದೆ. ನಮ್ಮ ಕಟ್ಟಡದ ಕೆಲಸಕ್ಕೆ ಆ ಸುದ್ದಿ ಅರ್ಧ ಮಾತ್ರ ತಲುಪಿತು. ಕಂಬಿ 8, 10, 12 ಮಿಲಿಮೀಟರ್. ಬ್ಲಾಕು ಆರಿಂಚು, ನಾಲ್ಕಿಂಚು. ಪ್ಲೈವುಡ್ಡಂತೂ ಅರ್ಧನಾರೀಶ್ವರ: ಹಾಳೆ ಎಂಟಡಿಗೆ ನಾಲ್ಕಡಿ, ದಪ್ಪ 18 ಮಿಲಿಮೀಟರ್. ಕಟ್ಟಡದ ವಿಸ್ತೀರ್ಣ ಕೇಳಿದರೆ ಹನ್ನೆರಡು ಚದರ ಎನ್ನುತ್ತಾರೆ, ಚದರಕ್ಕೆ ನೂರು ಚದರಡಿ. ಮಂಜೂರಾತಿಗೆ ಹೋಗುವ ಪ್ಲಾನಿನಲ್ಲಿ ಎಲ್ಲವೂ ಮೀಟರ್. ನಿವೇಶನದ್ದೇ ನೋಡಿ, ಬಾಯಲ್ಲಿ 30×40 ಎನ್ನುವ ನಿವೇಶನ ಬಡಾವಣೆಯ ಕಾಗದದಲ್ಲಿ 9×12 ಮೀಟರ್ ಆಗಿರುವುದುಂಟು. 9 ಮೀಟರ್ ಎಂದರೆ ಇಪ್ಪತ್ತೊಂಬತ್ತೂವರೆ ಅಡಿ, 12 ಮೀಟರ್ ಎಂದರೆ ಮೂವತ್ತೊಂಬತ್ತಡಿ ನಾಲ್ಕೂವರೆ ಇಂಚಿಗೂ ತುಸು ಕಮ್ಮಿ. ಗುಣಿಸಿದರೆ 1200 ಚದರಡಿಯ ಬದಲು 1162 ಚಿಲ್ಲರೆ. ಬಾಯಿಮಾತಿನ 30×40 ನಂಬಿ ಪ್ಲಾನ್ ಬರೆದರೆ ಪಕ್ಕದ ನಿವೇಶನದೊಳಕ್ಕೆ 144 ಮಿಲಿಮೀಟರ್ ಚಾಚುತ್ತೀರಿ.

ಹಾಲ್‌ನ ಟೈಲ್ಸ್‌ನದೂ ಇದೇ ಕತೆ. ಅಂಗಡಿಯಲ್ಲಿ "ಟೂ ಬೈ ಟೂ" ಎಂದು ಮಾರುವ ಟೈಲು ಎರಡಡಿ ಇರುವುದಿಲ್ಲ, 600 ಮಿಲಿಮೀಟರ್ ಇರುತ್ತದೆ. ಎರಡಡಿ ಎಂದರೆ 609.6. ಇಪ್ಪತ್ತಡಿ ಉದ್ದದ ಹಾಲ್‌ಗೆ ಕ್ಯಾಡ್‌ನಲ್ಲಿ ಎರಡಡಿಯ ಚೌಕಗಳನ್ನು ಜೋಡಿಸಿದರೆ ಹತ್ತು ಚೌಕ ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರುತ್ತವೆ, ನೋಡಲು ಬಲು ಚೆಂದ. ನೆಲದ ಮೇಲೆ ಹತ್ತು ಟೈಲು ಮುಗಿದಾಗ ಇನ್ನೂ 96 ಮಿಲಿಮೀಟರ್ ಉಳಿದಿರುತ್ತದೆ. ಸಂದು ಬಿಟ್ಟು ಕೂರಿಸಿದರೂ ಅದು ತುಂಬುವುದಿಲ್ಲ. ಒಂದು ಪಟ್ಟಿ ಕತ್ತರಿಸಬೇಕು, ಅದಕ್ಕೆ ಇನ್ನೊಂದು ಪೆಟ್ಟಿಗೆ ಟೈಲು ತರಬೇಕು. ಅದಕ್ಕೇ ವಸ್ತು ಯಾವ ಘಟಕದಲ್ಲಿ ತಯಾರಾಗುತ್ತದೋ ಅದೇ ಘಟಕದಲ್ಲಿ ಬಿಡಿಸುವುದು ಮೇಲು. ಮಾಡ್ಯುಲರ್ ಅಡುಗೆಮನೆ ಮಾಡುವವರು ಸಂಪೂರ್ಣ ಮಿಲಿಮೀಟರಿಗೆ ಹೋಗಿರುವುದು ಸುಮ್ಮನೆ ಅಲ್ಲ. ಓದುವವರಿಗೆ ಅಡಿ ಬೇಕಿದ್ದರೆ ಅದಕ್ಕೆ ಆಲ್ಟರ್ನೇಟ್ ಯೂನಿಟ್ಸ್ ಇದೆ. ಅದನ್ನು ಆನ್ ಮಾಡಿದರೆ ಪ್ರತಿ ಅಳತೆಯ ಪಕ್ಕ ಚೌಕ ಕಂಸದಲ್ಲಿ ಇನ್ನೊಂದು ಘಟಕದ ಅಂಕಿಯೂ ಬರುತ್ತದೆ. ಮಾಡೆಲು ಮಿಲಿಮೀಟರಿನಲ್ಲೇ ಇರಲಿ, ಮೇಸ್ತ್ರಿ ಅಡಿಯಲ್ಲಿ ಓದಿಕೊಳ್ಳಲಿ. ಆದರೆ ನಕ್ಷೆ ಕಿಕ್ಕಿರಿಯುತ್ತದೆ, ಎರಡೂ ಅಂಕಿಗಳು ದುಂಡಾಗಿರುವುದರಿಂದ ಅವು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಯಾವುದು ಮುಖ್ಯ ಎಂದು ನಕ್ಷೆಯ ಕೆಳಗೆ ಒಂದು ಸಾಲು ಬರೆಯಲೇಬೇಕು.

ಇಷ್ಟೆಲ್ಲ ಹೊಂದಿಸಿಟ್ಟರೂ ಒಂದೇ ಕ್ಷಣದಲ್ಲಿ ಕೆಡಿಸುವ ದಾರಿಯೊಂದಿದೆ. ಅಳತೆಯ ಅಂಕಿಯ ಮೇಲೆ ಡಬಲ್ ಕ್ಲಿಕ್ ಮಾಡಿ ಬೇಕಾದ ಅಂಕಿ ಟೈಪ್ ಮಾಡುವುದು. ಗೋಡೆ 2985 ಇದೆ, ಮಾಲೀಕರು 3000 ಬೇಕೆಂದರು, ರಾತ್ರಿ ಹತ್ತು ಗಂಟೆಯಾಗಿದೆ, ಗೋಡೆ ಎಳೆದರೆ ಕಿಟಕಿ, ಬಾಗಿಲು ಎಲ್ಲವೂ ಸರಿಸಬೇಕು. ಅಂಕಿ ಮಾತ್ರ ತಿದ್ದಿದರಾಯಿತು ಎನ್ನಿಸುತ್ತದೆ. ಅಲ್ಲಿಂದ ಮುಂದೆ ಆ ಅಳತೆಗೂ ಗೋಡೆಗೂ ಸಂಬಂಧ ಕಡಿದುಹೋಯಿತು. ಗೋಡೆಯನ್ನು ಎಷ್ಟು ಎಳೆದರೂ ಅಂಕಿ 3000 ಎಂದೇ ಹೇಳುತ್ತದೆ. ಈ ಅಭ್ಯಾಸದ ಬಗ್ಗೆ ನನಗೆ ಕಿಂಚಿತ್ತೂ ಕರುಣೆ ಇಲ್ಲ. ಘಟಕದ ತಪ್ಪು ಇಪ್ಪತ್ತೈದು ಪಟ್ಟು ಹೆಚ್ಚುಕಮ್ಮಿಯಾಗಿ ಎದ್ದು ಕಾಣುತ್ತದೆ, ಇದು ನಂಬಿಕೆಗೆ ಅರ್ಹವಾದ ಮುಖ ಹೊತ್ತು ಕೂತಿರುತ್ತದೆ. ಯಾರೋ ತಿದ್ದಿದ ಇಂಥ ಅಳತೆ ಸಿಕ್ಕರೆ ಅಂಕಿಯ ಜಾಗದಲ್ಲಿ ಎರಡು ಕೋನ ಚಿಹ್ನೆ, <> ಎಂದು ಒತ್ತಿ. ನಿಜವಾದ ಅಳತೆ ವಾಪಸು ಬರುತ್ತದೆ.

ತ್ರೀಡಿ ಮುದ್ರಣ ಬಂದ ಮೇಲೆ ಹೆಸರಿಲ್ಲದ ಅಂಕಿಯ ಸಮಸ್ಯೆ ಮನೆಮನೆಗೂ ಬಂತು. ಮುದ್ರಣಕ್ಕೆ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಎಸ್‌ಟಿಎಲ್ ಫೈಲು 1987ರಲ್ಲಿ ತ್ರೀಡಿ ಸಿಸ್ಟಮ್ಸ್ ಕಂಪನಿಗಾಗಿ ರೂಪುಗೊಂಡದ್ದು. ಅದರಲ್ಲಿ ತ್ರಿಕೋನಗಳ ಮೂಲೆಗಳಿವೆ, ಘಟಕ ಬರೆಯುವುದಕ್ಕೆ ಜಾಗವೇ ಇಲ್ಲ. ಎರಡಿಂಚಿನ ಡಬ್ಬಿಯನ್ನು ಇಂಚಿನಲ್ಲಿ ಉಳಿಸಿ ಕಳಿಸಿದರೆ ಪ್ರಿಂಟರಿನ ಸಾಫ್ಟ್‌ವೇರ್ ಅದನ್ನು ಎರಡು ಮಿಲಿಮೀಟರ್ ಎಂದು ಓದಿ ಸಾಸಿವೆಯಷ್ಟು ಪ್ಲಾಸ್ಟಿಕ್ ಉದುರಿಸುತ್ತದೆ. ಆಗ 25.4ರಿಂದ ಗುಣಿಸಬೇಕು, ಆ ಕಸುಬಿನವರಿಗೆ ಈ ಅಂಕಿ ಬಾಯಿಪಾಠ. ಅದರ ನಂತರ ಬಂದ ತ್ರೀಎಂಎಫ್ ಫೈಲಿನಲ್ಲಿ ಘಟಕಕ್ಕೆ ಜಾಗವಿದೆ, ಏನೂ ಬರೆಯದಿದ್ದರೆ ಮಿಲಿಮೀಟರ್ ಎಂದೇ ಅರ್ಥ. ಫ್ರೀಕ್ಯಾಡ್‌ನಂಥ ಪ್ರೋಗ್ರಾಮುಗಳಲ್ಲಿ ಇನ್ನೂ ಒಳ್ಳೆಯ ದಾರಿಯಿದೆ. ಅಂಕಿಯ ಜೊತೆಗೇ ಘಟಕವನ್ನೂ ಟೈಪ್ ಮಾಡಬಹುದು, ಎರಡು ಇಂಚು ಎಂದರೆ ಅದೇ 50.8 ಮಿಲಿಮೀಟರ್ ಮಾಡಿಕೊಳ್ಳುತ್ತದೆ. ಡೀಫಾಲ್ಟ್ ಏನೇ ಇರಲಿ, ಅನುಮಾನ ಬಂದಾಗ ಘಟಕ ಸೇರಿಸಿ ಟೈಪ್ ಮಾಡುವುದು ಒಳ್ಳೆಯದು.

ಪ್ಲೂಟೊವರೆಗಿನ ನಿಖರತೆಯ ಮಾತಾಡಿದೆವಲ್ಲ, ಅದಕ್ಕೊಂದು ಅಡಿಟಿಪ್ಪಣಿ ಬೇಕು. ಫೈಲಿನ ಅಂಕಿ 64 ಬಿಟ್ ಆದರೂ ಅದನ್ನು ಪರದೆಗೆ ಬಿಡಿಸುವ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ 32 ಬಿಟ್‌ನಲ್ಲೇ ಕೆಲಸ ಮಾಡುತ್ತದೆ. ಅದಕ್ಕೆ ಏಳು ಅಂಕೆಗಳಷ್ಟೇ ನಂಬಿಕಸ್ತ. ಸರ್ವೆಯಲ್ಲಿ ಬಳಸುವ ಯುಟಿಎಂ ಪದ್ಧತಿಯಲ್ಲಿ ಬೆಂಗಳೂರು ಸಮಭಾಜಕದಿಂದ ಸುಮಾರು 14.3 ಲಕ್ಷ ಮೀಟರ್ ಉತ್ತರಕ್ಕಿದೆ. ಅಷ್ಟು ದೂರದಲ್ಲಿ 32 ಬಿಟ್‌ನ ಹೆಜ್ಜೆ ಹನ್ನೆರಡೂವರೆ ಸೆಂಟಿಮೀಟರ್. ಮಿಲಿಮೀಟರಿಗೆ ಬದಲಿಸಿದರೂ ಉಪಯೋಗವಿಲ್ಲ, ಹೆಜ್ಜೆ 128 ಮಿಲಿಮೀಟರ್ ಆಗುತ್ತದೆ. ಹೀಗಾಗಿ ಸರ್ವೆ ನಕ್ಷೆಯ ಮೇಲೆ ನೇರವಾಗಿ ಮನೆ ಬಿಡಿಸಿದಾಗ ಕೆಲವು ಸಾಫ್ಟ್‌ವೇರುಗಳಲ್ಲಿ ಗೆರೆಗಳು ನಡುಗುತ್ತವೆ, ವೃತ್ತಗಳಿಗೆ ಮೂಲೆ ಮೂಡುತ್ತದೆ. ನಕ್ಷೆ ಕೆಟ್ಟಿರುವುದಿಲ್ಲ, ಕಾಣುವುದು ಕೆಟ್ಟಿರುತ್ತದೆ. ಕಟ್ಟಡವನ್ನು ಸೊನ್ನೆಯ ಹತ್ತಿರ ಬಿಡಿಸಿಕೊಂಡು, ಅದು ಭೂಮಿಯ ಮೇಲೆ ಎಲ್ಲಿದೆ ಎಂಬುದನ್ನು ಬೇರೆಯಾಗಿ ದಾಖಲಿಸುವುದು ಇದಕ್ಕೆ ಮದ್ದು.

ಆಟೋಕ್ಯಾಡ್‌ನ ಘಟಕಗಳ ಪಟ್ಟಿಯನ್ನು ಕೊನೆಯವರೆಗೆ ಇಳಿಸಿ ನೋಡಿದವರಿಗೆ ಅಲ್ಲಿ ಅಡಿ ಎರಡು ಸಲ ಇರುವುದು ಕಂಡಿರಬಹುದು. ಒಂದು ನಾವು ಬಲ್ಲ ಅಡಿ; 1959ರಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳು ಒಪ್ಪಿಕೊಂಡಂತೆ ನಿಖರವಾಗಿ 0.3048 ಮೀಟರ್. ಇನ್ನೊಂದು ಅಮೆರಿಕದ ಸರ್ವೇಯರುಗಳ ಹಳೆಯ ಅಡಿ. ಮೀಟರನ್ನು 1200ರಿಂದ ಗುಣಿಸಿ 3937ರಿಂದ ಭಾಗಿಸಿದಷ್ಟು. ಎರಡರ ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು ಭಾಗ, ಒಂದು ಕೋಣೆಯಲ್ಲಿ ಅಳೆದರೆ ಗೊತ್ತೇ ಆಗುವುದಿಲ್ಲ. ಆದರೆ ಅಲ್ಲಿನ ರಾಜ್ಯಗಳ ಸರ್ವೆ ನಿರ್ದೇಶಾಂಕಗಳು ಲಕ್ಷಗಟ್ಟಲೆ ಅಡಿ ದೂರದ ಮೂಲದಿಂದ ಎಣಿಸಿದಂಥವು. ಇಪ್ಪತ್ತು ಲಕ್ಷ ಅಡಿ ಎಂದು ನಮೂದಾದ ಬಿಂದು, ಪಟ್ಟಿಯಲ್ಲಿ ಒಂದು ಅಡಿಯ ಬದಲು ಇನ್ನೊಂದನ್ನು ಆರಿಸಿದರೆ ನಾಲ್ಕಡಿ ಪಕ್ಕಕ್ಕೆ ಹೋಗುತ್ತದೆ, ಸೇತುವೆಯ ಕಂಬ ರಸ್ತೆಗೆ ಬಂದು ನಿಲ್ಲುವಷ್ಟು. ಅಮೆರಿಕ ಸರ್ಕಾರ ಆ ಹಳೆಯ ಅಡಿಯನ್ನು 2022ರ ಡಿಸೆಂಬರ್ 31ಕ್ಕೆ ಅಧಿಕೃತವಾಗಿ ಕೈಬಿಟ್ಟಿತು. ಆದರೂ ಅದರಲ್ಲಿ ಬಿಡಿಸಿಟ್ಟ ನಕ್ಷೆಗಳನ್ನು ಇಂದಿಗೂ ತೆರೆಯಬೇಕಾಗುವುದರಿಂದ, ಪಟ್ಟಿಯಲ್ಲಿ ಎರಡೂ ಅಡಿಗಳು ಉಳಿದುಕೊಂಡಿವೆ.